ಬಸ್‌ಸ್ಟಾಪಿನ ಅಂಗಡಿಯ 99 ರೂಪಾಯಿ ವೈ-ಫೈ: ಒಂದು ತಿಂಗಳು ಬಳಸಿ ನೋಡಿದೆ

ಅಡಿಕೆಸಾಲು · ಜುಲೈ 6, 2025

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರ ತಾಲೂಕಿನವನು. ಮನೆಯಲ್ಲೇ ಕೂತು ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಡುತ್ತೇನೆ. ಮನೆ ಇರುವುದು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಕೆಳಗೆ, ತೋಟದ ಅಂಚಿನಲ್ಲಿ. ಸುತ್ತಲೂ ಗುಡ್ಡ. ಅಂಗಳದ ತುಳಸಿಕಟ್ಟೆ ಹತ್ತಿರ ನಿಂತರೆ ಒಂದು ಕಡ್ಡಿ ಸಿಗ್ನಲ್ ಬರುತ್ತೆ. ಮಳೆ ಹಿಡಿದರೆ ಅದೂ ಇಲ್ಲ. ಲಾಕ್‌ಡೌನ್ ವರ್ಷದಲ್ಲಿ ಮಗಳು ಗುಡ್ಡದ ಮೇಲೆ ತಾಡಪಾಲು ಕಟ್ಟಿಕೊಂಡು ಆನ್‌ಲೈನ್ ಕ್ಲಾಸ್ ಕೇಳಿದವಳು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇ ಕೊನೆಯಲ್ಲಿ ಬಸ್‌ಸ್ಟಾಪಿನ ಕಿರಾಣಿ ಅಂಗಡಿಯಲ್ಲಿ ಒಂದು ವೈ-ಫೈ ಡಬ್ಬಿ ಹಾಕಿದರು. ಪಿಎಂ-ವಾಣಿ ಯೋಜನೆಯದ್ದು. ದಿನಕ್ಕೆ 9 ರೂಪಾಯಿ, ತಿಂಗಳಿಗೆ 99. ಜೂನ್ ಪೂರ್ತಿ ಬಳಸಿದ್ದೇನೆ. ಜಾಹೀರಾತಿನಲ್ಲಿ ಬರೆದಿರುವುದಕ್ಕೂ ಜಗುಲಿ ಮೇಲೆ ಕೂತಾಗ ಸಿಗುವುದಕ್ಕೂ ವ್ಯತ್ಯಾಸ ಇರುತ್ತೆ ಅಲ್ವಾ, ಅದಕ್ಕೇ ಅಳೆದು ನೋಡಿ ಬರೆಯುತ್ತಿದ್ದೇನೆ.

ಮೊದಲು ವೇಗ. ಅಂಗಡಿ ಜಗುಲಿಯಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ 22 ಎಂಬಿಪಿಎಸ್ ಬಂತು. ರಸ್ತೆ ದಾಟಿ ಅರಳಿಕಟ್ಟೆ ಮೇಲೆ ಕೂತರೆ 11. ತಗಡಿನ ಬಸ್ ಶೆಲ್ಟರಿನೊಳಗೆ 3. ಅಂಗಡಿಯ ಹಿಂಬದಿಗೆ ಹೋದರೆ ಸೊನ್ನೆ. ಮಧ್ಯೆ ಇರುವುದು ಒಂದೇ ಒಂದು ಚಿರೆಕಲ್ಲಿನ ಗೋಡೆ, ಆದರೆ ನಮ್ಮ ಹಳೇ ಗೋಡೆಗಳ ದಪ್ಪ ನಿಮಗೆ ಗೊತ್ತು. ಸಂಜೆ ಏಳರಿಂದ ಒಂಬತ್ತರವರೆಗೆ ಹುಡುಗರೆಲ್ಲ ಸೇರುತ್ತಾರೆ. ಆಗ ಅದೇ ಜಗುಲಿಯಲ್ಲಿ 4ಕ್ಕಿಂತ ಮೇಲೆ ಏರಲಿಲ್ಲ. ಆದರೂ ನನ್ನ ರಿಟರ್ನ್ ಕೆಲಸಕ್ಕೆ ತೊಂದರೆ ಆಗಲಿಲ್ಲ.

ಈಗ ದುಡ್ಡಿನ ಲೆಕ್ಕ. ನಾನು ಇಷ್ಟು ದಿನ 28 ದಿನಕ್ಕೆ 299 ರೂಪಾಯಿಯ, ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಯಾಕ್ ಹಾಕಿಸುತ್ತಿದ್ದೆ. 2024ರ ಜುಲೈಗೆ ಮುಂಚೆ ಅದು 239 ಇತ್ತು. ಲೆಕ್ಕಕ್ಕೆ 42 ಜಿಬಿ, ಅಂದರೆ ಜಿಬಿಗೆ ಏಳು ರೂಪಾಯಿ ಚಿಲ್ಲರೆ. ಅಗ್ಗ ಅನ್ನಿಸುತ್ತೆ. ಆದರೆ ಮೇ ತಿಂಗಳಲ್ಲಿ ನಾನು ನಿಜವಾಗಿ ಬಳಸಿದ್ದು ಎಷ್ಟು ಅಂತ ಫೋನಿನಲ್ಲಿ ನೋಡಿದೆ. ಆರು ಜಿಬಿ! ಸಿಗ್ನಲ್ಲೇ ಇಲ್ಲದ ಮೇಲೆ ಉಳಿದದ್ದನ್ನು ಬಳಸುವುದೆಲ್ಲಿ? ಹಾಗಾದರೆ ನನಗೆ ಜಿಬಿಗೆ ಬಿದ್ದದ್ದು 50 ರೂಪಾಯಿ.

ಜೂನ್‌ನಲ್ಲಿ ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್‌ಗೆ ಬಂದೆ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದ ಮೇಲೆ ಎಲ್ಲ ಕಂಪನಿಗಳೂ ಇಂಥದ್ದೊಂದು ಇಟ್ಟಿವೆ. 84 ದಿನಕ್ಕೆ 450ರಿಂದ 470ರ ಆಸುಪಾಸು. ಅಂದರೆ 28 ದಿನಕ್ಕೆ 150 ಚಿಲ್ಲರೆ. ಅದಕ್ಕೆ ವೈ-ಫೈಯ 99 ಸೇರಿಸಿ. ಒಟ್ಟು 250. ಉಳಿದದ್ದು ಐವತ್ತೇ ರೂಪಾಯಿ, ದೊಡ್ಡದಲ್ಲ. ಆದರೆ ಜೂನ್‌ನಲ್ಲಿ ನಾನು ಬಳಸಿದ್ದು 31 ಜಿಬಿ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೇ ದಿನಗಳಾದ ತಿಂಗಳ 11 ಮತ್ತು 20ಕ್ಕೆ ಮುಂಚೆ ಸಿದ್ದಾಪುರ ಪೇಟೆಗೆ ಬೈಕಲ್ಲಿ ಓಡುವುದು ತಪ್ಪಿತು. ನನ್ನ ಮಟ್ಟಿಗೆ ದೊಡ್ಡ ಲಾಭ ಅದೇ.

ತೊಂದರೆಗಳೂ ಇವೆ, ಮುಂದೆ ಬರೆಯುತ್ತೇನೆ. ಬೇರೆ ಕಡೆ ಬಳಸಿದವರು ಯಾರಾದರೂ ಇದ್ದರೆ ಹೇಳಿ.

ತುಂಗೆಯ ದಡ · ಜುಲೈ 6

ಪಿಎಂ-ವಾಣಿ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ ಅಣ್ಣ? ತೀರ್ಥಹಳ್ಳಿ ಕಡೆ ಒಂದು ಮೆಡಿಕಲ್ ಶಾಪಿನಲ್ಲಿ ಬೋರ್ಡ್ ನೋಡಿದೆ. ಅದರಲ್ಲಿ ಪಿಡಿಒ ಅಂತ ಬರೆದಿತ್ತು. ಪಂಚಾಯಿತಿ ಪಿಡಿಒಗೂ ಇದಕ್ಕೂ ಸಂಬಂಧ ಇದೆಯಾ?

ಫೈಬರ್ ಕೆಲಸದವ · ಜುಲೈ 6

ಸಂಬಂಧ ಇಲ್ಲ. ಈ ಗೊಂದಲ ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಆಗುತ್ತೆ. ಇಲ್ಲಿ ಪಿಡಿಒ ಅಂದರೆ ಪಬ್ಲಿಕ್ ಡೇಟಾ ಆಫೀಸ್. ಹಳೇ ಎಸ್‌ಟಿಡಿ ಬೂತ್ ನೆನಪಿದೆಯಲ್ಲ, ಪಿಸಿಒ ಅಂತ ಹಳದಿ ಬೋರ್ಡ್ ಇರುತ್ತಿತ್ತು. ಅದೇ ಮಾದರಿ. ಆಗ ಫೋನ್, ಈಗ ನೆಟ್.

ಕೇಂದ್ರ ಸಂಪುಟ 2020ರ ಡಿಸೆಂಬರ್ 9ರಂದು ಇದಕ್ಕೆ ಒಪ್ಪಿಗೆ ಕೊಟ್ಟಿತು. ಮುಖ್ಯ ಸಂಗತಿ ಏನೆಂದರೆ, ಅಂಗಡಿಯವರಿಗೆ ಲೈಸೆನ್ಸ್ ಬೇಡ, ಸರ್ಕಾರಕ್ಕೆ ಶುಲ್ಕವೂ ಬೇಡ. ಚಹಾ ಅಂಗಡಿ, ಕಿರಾಣಿ, ಜೆರಾಕ್ಸ್, ಯಾರು ಬೇಕಾದರೂ ಹಾಕಬಹುದು. ಅಂಗಡಿಯವರ ಹಿಂದೆ ಒಬ್ಬ ಪಿಡಿಒಎ ಇರುತ್ತಾನೆ. ಹಲವು ಅಂಗಡಿಗಳನ್ನು ಒಟ್ಟು ಮಾಡಿ ಲಾಗಿನ್, ದುಡ್ಡು, ದಾಖಲೆ ನೋಡಿಕೊಳ್ಳುವ ಕಂಪನಿ ಅದು. ಮೂರನೆಯದು ಆ್ಯಪ್. ಹತ್ತಿರ ಯಾವ ಅಂಗಡಿಯಲ್ಲಿ ವೈ-ಫೈ ಇದೆ ಅಂತ ತೋರಿಸುತ್ತೆ. ಇವರೆಲ್ಲರ ಪಟ್ಟಿ ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ನೋಡಿಕೊಳ್ಳುವ ಕೇಂದ್ರ ರಿಜಿಸ್ಟ್ರಿಯಲ್ಲಿ ಇರುತ್ತೆ.

ಇನ್ನೊಂದು ಮಾತು. ನಿಮ್ಮ ಗೋಡೆಯ ಸಮಸ್ಯೆಗೆ ಕಾರಣ ಇದೆ. ದಪ್ಪ ಕಲ್ಲು ವೈ-ಫೈಯನ್ನು ನುಂಗಿಬಿಡುತ್ತೆ, ನೀರು ಹೀರಿದ ಕಲ್ಲಾದರೆ ಇನ್ನೂ ಜಾಸ್ತಿ. ಡಬ್ಬಿ ಎಲ್ಲಿಟ್ಟಿದ್ದಾರೆ ಅಂತ ನೋಡಿ. ಒಳಗೆ ಗಲ್ಲಾಪೆಟ್ಟಿಗೆ ಪಕ್ಕ ಇದ್ದರೆ ಜಗುಲಿ ಕಂಬಕ್ಕೆ ತರಲು ಹೇಳಿ, ಮಳೆ ಎರಚಲು ಬೀಳದ ಕಡೆ. ಹಾಗೇ ಫೋನಿನಲ್ಲಿ ಒಂದೇ ಡಬ್ಬಿಯ ಎರಡು ವೈ-ಫೈ ಹೆಸರು ಕಂಡರೆ, ಹೊರಗೆ ಕೂರುವವರು 2.4 ಗಿಗಾಹರ್ಟ್ಸ್‌ನ ಹೆಸರಿಗೇ ಸೇರಿಕೊಳ್ಳಬೇಕು. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ದೂರ ಹೋಗಲ್ಲ.

ಬಿಟಿಎಂ ಪಿಜಿ · ಜುಲೈ 6

ನಾನು ಬೆಂಗಳೂರಿನಲ್ಲಿ ಇರುವುದು. ಇಲ್ಲಿ ಇದರ ಅವಶ್ಯಕತೆ ಅಷ್ಟಾಗಿ ಕಾಣಲ್ಲ. 2014ರಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲೆಲ್ಲ «ನಮ್ಮ ವೈ-ಫೈ» ಅನ್ನುವ ಹೆಸರಿನಲ್ಲಿ ಉಚಿತವಾಗಿ ಕೊಟ್ಟಿದ್ದರು. ವೈಫೈ ಡಬ್ಬಾ ಅಂತ ಬೆಂಗಳೂರಿನ ಕಂಪನಿಯೇ ಚಹಾ ಅಂಗಡಿಗಳಲ್ಲಿ ಡಬ್ಬಿ ಇಟ್ಟು ಎರಡು ರೂಪಾಯಿ, ಹತ್ತು ರೂಪಾಯಿ ಕೂಪನ್ ಮಾರುತ್ತಿತ್ತು. ರೈಲ್ವೆ ಸ್ಟೇಷನ್‌ಗಳಲ್ಲಿ 2016ರಿಂದ ಗೂಗಲ್ ಮತ್ತು ರೈಲ್ವೆಯದೇ ಕಂಪನಿ ರೈಲ್‌ಟೆಲ್ ಸೇರಿ ವೈ-ಫೈ ಕೊಟ್ಟರು. ಮೊಬೈಲ್ ಡೇಟಾ ಅಗ್ಗ ಆಯಿತು ಅಂತ 2020ರಲ್ಲಿ ಗೂಗಲ್ ಹಿಂದೆ ಸರಿಯಿತು. ಗೂಗಲ್‌ನಂಥವರೇ ಬಿಟ್ಟ ಮೇಲೆ ಹಳ್ಳಿಯ ಅಂಗಡಿಯವರು ಎಷ್ಟು ದಿನ ನಡೆಸುತ್ತಾರೆ? ಬೇಸರಕ್ಕೆ ಹೇಳ್ತಿಲ್ಲ, ನಿಜವಾದ ಪ್ರಶ್ನೆ.

ಅಡಿಕೆಸಾಲು · ಜುಲೈ 7

ಒಳ್ಳೆಯ ಪ್ರಶ್ನೆ. ಗೂಗಲ್ ಬಿಟ್ಟರೂ ಸ್ಟೇಷನ್ ವೈ-ಫೈ ನಿಲ್ಲಲಿಲ್ಲ, ರೈಲ್‌ಟೆಲ್ ನಡೆಸುತ್ತಲೇ ಇದೆ. ಮೊದಲ ಅರ್ಧ ಗಂಟೆ ಉಚಿತ, ಆಮೇಲೆ ಬೇಕಾದರೆ ಹತ್ತು ರೂಪಾಯಿಯಿಂದ ಪ್ಯಾಕ್. ತಾಳಗುಪ್ಪದಿಂದ ರೈಲು ಹತ್ತುವಾಗ ನಾನೂ ಬಳಸಿದ್ದೇನೆ.

ಡೇಟಾ ಅಗ್ಗ ಅನ್ನುವುದು ಟವರ್ ಇರುವ ಕಡೆಯ ಮಾತು. ನಿಮಗೆ ಬಿಟಿಎಂನಲ್ಲಿ ನಾಲ್ಕು ಕಂಪನಿಯ ಸಿಗ್ನಲ್ ಇದೆ. ನಮ್ಮ ಊರಿನಲ್ಲಿ ವಿಚಿತ್ರ ಏನೆಂದರೆ, ರಸ್ತೆ ಪಕ್ಕದಲ್ಲಿ ಪಂಚಾಯಿತಿವರೆಗೂ ಫೈಬರ್ ತಂತಿ ಬಂದಿದೆ, ಆದರೆ ಟವರ್ ಸಿಗ್ನಲ್ ಬಂದಿಲ್ಲ. ತಂತಿ ಇದ್ದು ಟವರ್ ಇಲ್ಲದ ಇಂಥ ಕಡೆಗೇ ಈ ಡಬ್ಬಿ ಸರಿ. ಎರಡೂ ಇರುವ ಕಡೆ ಬೇಕಾಗಲ್ಲ ಅಂತ ನಾನೂ ಒಪ್ಪುತ್ತೇನೆ.

ಈಗ ತೊಂದರೆಗಳ ಬಗ್ಗೆ. ಮೊದಲನೆಯದು ಓಟಿಪಿ. ವೈ-ಫೈಗೆ ಸೇರಬೇಕಾದರೆ ಮೊಬೈಲಿಗೆ ಓಟಿಪಿ ಬರಬೇಕು. ಓಟಿಪಿ ಬರಬೇಕಾದರೆ ಸಿಗ್ನಲ್ ಬೇಕು. ಸಿಗ್ನಲ್ ಇದ್ದಿದ್ದರೆ ನಾನು ವೈ-ಫೈಗೆ ಯಾಕೆ ಬರುತ್ತಿದ್ದೆ? ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುವ ಹಾಗೆ. ಮೊದಲ ದಿನ ಬಸ್‌ಸ್ಟಾಪಿನಲ್ಲಿ ಫೋನ್ ಎತ್ತಿ ಹಿಡಿದು ಇಪ್ಪತ್ತು ನಿಮಿಷ ನಿಂತಿದ್ದೆ. ಓಟಿಪಿ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಕೊನೆಗೆ ಪೇಟೆಗೆ ಹೋದಾಗ ಆ್ಯಪ್ ಹಾಕಿಕೊಂಡು ಅಲ್ಲೇ ನೋಂದಣಿ ಮುಗಿಸಿ ಬಂದೆ. ಆಮೇಲೆ ಓಟಿಪಿ ಕೇಳಲಿಲ್ಲ. ಸಿಗ್ನಲ್ ಇಲ್ಲದ ಊರಿನವರು ಹೀಗೇ ಮಾಡಿ, ನೋಂದಣಿ ಪೇಟೆಯಲ್ಲೇ ಮುಗಿಸಿಕೊಳ್ಳಿ.

ಎರಡನೆಯದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವಾಗಲೂ ಕೊನೆಗೊಂದು ಓಟಿಪಿ ಬೇಕು. ಅದಕ್ಕೆ ಫೋನ್ ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ಕಾಲಿಂಗ್ ಅಂತ ಇದೆ, ಅದನ್ನು ಆನ್ ಮಾಡಿ. ಟವರ್ ಇಲ್ಲದಿದ್ದರೂ ವೈ-ಫೈ ಮೂಲಕವೇ ಕರೆ ಬರುತ್ತೆ. ನನ್ನ ಫೋನಿನಲ್ಲಿ ಎಸ್ಸೆಮ್ಮೆಸ್ಸೂ ಬಂತು. ಈ ಒಂದು ವಿಷಯ ಗೊತ್ತಿಲ್ಲದೆ ನಾನು ವರ್ಷಗಟ್ಟಲೆ ಒದ್ದಾಡಿದ್ದೇನೆ.

ಮೂರನೆಯದಕ್ಕೆ ನನ್ನ ದುಡ್ಡು ಹೋಯಿತು. 99ರ ಪ್ಯಾಕ್ ಹಾಕಿಸಿ ಹನ್ನೆರಡನೇ ದಿನ ಫೋನ್ ಅಪ್‌ಡೇಟ್ ಆಯಿತು. ಮಾರನೇ ದಿನ ನೋಡಿದರೆ ಪ್ಯಾಕೇ ಇಲ್ಲ, ಹೊಸದಾಗಿ ದುಡ್ಡು ಕೇಳುತ್ತಿದೆ. ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಹಿಂದಿಯಲ್ಲಿ ಮಾತು ಶುರು ಮಾಡಿದರು. ಕನ್ನಡದವರು ಬೇಕು ಅಂದೆ, ಕಾಯಿರಿ ಅಂದರು, ಲೈನ್ ಕಟ್ಟಾಯಿತು. ಕೊನೆಗೆ ಅಂಗಡಿಯಣ್ಣನೇ ತನ್ನ ಖಾತೆಯಿಂದ ಇನ್ನೊಂದು ಪ್ಯಾಕ್ ಹಾಕಿಕೊಟ್ಟರು. ಅವರದ್ದೇನೂ ತಪ್ಪಿಲ್ಲ, ಆದರೆ ಬೈಸಿಕೊಂಡವರು ಅವರು. ಇದು ಸರಿ ಅಲ್ಲ ಅಂತ ನನಗೆ ತುಂಬಾ ಅನ್ನಿಸಿತು.

ಫೈಬರ್ ಕೆಲಸದವ · ಜುಲೈ 7

ಪ್ಯಾಕ್ ಕಾಣೆಯಾಗಿದ್ದು ಮ್ಯಾಕ್ ವಿಳಾಸದಿಂದ ಇರಬೇಕು. ಅಂದರೆ ವೈ-ಫೈಗೆ ಸೇರುವಾಗ ಫೋನ್ ತೋರಿಸುವ ಗುರುತಿನ ಸಂಖ್ಯೆ. ಆಂಡ್ರಾಯ್ಡ್ 10ರಿಂದ ಈಚೆಗೆ ಫೋನುಗಳು ಪ್ರತಿ ವೈ-ಫೈ ಹೆಸರಿಗೂ ಒಂದು ಬೇರೆ ಸುಳ್ಳು ವಿಳಾಸ ತೋರಿಸುತ್ತವೆ. ನಮ್ಮನ್ನು ಯಾರೂ ಹಿಂಬಾಲಿಸಬಾರದು ಅಂತ ಮಾಡಿರುವುದು, ಒಳ್ಳೆಯದೇ. ಆದರೆ ಕೆಲವು ಹಳೇ ವ್ಯವಸ್ಥೆಗಳು ಆ ವಿಳಾಸ ನೋಡಿಯೇ ಪ್ಯಾಕ್ ಗುರುತಿಸುತ್ತವೆ. ವಿಳಾಸ ಬದಲಾದರೆ ನೀವು ಹೊಸಬರು. ಆ ವೈ-ಫೈ ಹೆಸರಿನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವೆಸಿ ಅಂತ ಇರುವಲ್ಲಿ ಫೋನಿನ ಸ್ವಂತ ಮ್ಯಾಕ್ ಆರಿಸಿಕೊಳ್ಳಿ. ನಿಮಗೆ ಪರಿಚಯದ ಅಂಗಡಿಗೆ ಮಾತ್ರ ಹೀಗೆ ಮಾಡಿ, ಎಲ್ಲ ಕಡೆ ಬೇಡ.

ಲಾಗಿನ್ ಪುಟವೇ ತೆರೆಯುತ್ತಿಲ್ಲ ಅನ್ನುವವರು ಫೋನ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಮತ್ತು ವಿಪಿಎನ್ ಅಂತ ಇರುವುದನ್ನು ಆಫ್ ಮಾಡಿ ನೋಡಿ. ಹತ್ತರಲ್ಲಿ ಏಳು ದೂರು ಅಲ್ಲಿಗೇ ಮುಗಿಯುತ್ತೆ, ಇದು ನನ್ನ ಅನುಭವ. ಲಾಗಿನ್ ಆದ ಮೇಲೆ ಮತ್ತೆ ಆನ್ ಮಾಡಿಕೊಳ್ಳಿ.

ವೈ-ಫೈ ಕಾಲಿಂಗ್ ಕೆಲಸ ಮಾಡದಿದ್ದರೆ ರೂಟರಿನಲ್ಲಿ, ಅಂದರೆ ಆ ವೈ-ಫೈ ಡಬ್ಬಿಯಲ್ಲಿ, ಕರೆ ಹಾದುಹೋಗುವ ದಾರಿಗಳಾದ 500 ಮತ್ತು 4500ನೇ ಯುಡಿಪಿ ಪೋರ್ಟ್‌ಗಳನ್ನು ಮುಚ್ಚಿದ್ದಾರಾ ಅಂತ ಕೇಳಿ.

ಮೈದಾ ಗೋಣಿ · ಜುಲೈ 7

ನಾನು ರಾಣೆಬೆನ್ನೂರು ಕಡೆ ಅಂಗಡಿ ಇಟ್ಟವನು, ಇದೇ ವೈ-ಫೈ ಹಾಕಿ ಎಂಟು ತಿಂಗಳಾಯಿತು. ಗಿರಾಕಿ ಕಡೆಯ ಲೆಕ್ಕ ಅಡಿಕೆಸಾಲು ಅವರು ಹೇಳಿದರು. ನಾನು ಗಲ್ಲಾಪೆಟ್ಟಿಗೆ ಈಚೆಗಿನ ಲೆಕ್ಕ ಹೇಳ್ತೀನಿ.

ರೂಟರ್‌ಗೆ ಮೂರೂವರೆ ಸಾವಿರ ಕೊಟ್ಟೆ. ಬ್ರಾಡ್‌ಬ್ಯಾಂಡ್ ಲೈನ್ ತಿಂಗಳಿಗೆ 600, ಜಿಎಸ್‌ಟಿ ಸೇರಿ 708. ಕಳೆದ ತಿಂಗಳು 99ರ ಪ್ಯಾಕ್ ಹಾಕಿಸಿದವರು 18 ಮಂದಿ. ಒಂದು ದಿನದ 9 ರೂಪಾಯಿದು 96 ಹೋಯಿತು. ಒಟ್ಟು 2,646 ರೂಪಾಯಿ. ಅದರಲ್ಲಿ ನನಗೆ ನೂರಕ್ಕೆ ಎಪ್ಪತ್ತು, ಅಂದರೆ 1,852. ಲೈನಿನ ದುಡ್ಡು ಕಳೆದರೆ 1,144 ಉಳಿಯಿತು. ಕರೆಂಟು ದೊಡ್ಡ ಖರ್ಚಲ್ಲ. ಡಬ್ಬಿ 12 ವ್ಯಾಟ್, ಹಗಲೂ ರಾತ್ರಿ ಉರಿದರೂ ತಿಂಗಳಿಗೆ ಒಂಬತ್ತು ಯೂನಿಟ್ ಒಳಗೆ.

ಸಾವಿರ ರೂಪಾಯಿಗೆ ಇಷ್ಟು ತಲೆನೋವು ಬೇಕಾ ಅಂತ ಮನೆಯಲ್ಲಿ ಕೇಳಿದರು. ಆದರೆ ನೆಟ್‌ಗೆ ಬಂದವರು ಚಹಾ ಕುಡೀತಾರೆ, ಬಿಸ್ಕತ್ತು ತಗೊಳ್ತಾರೆ. ಬಿತ್ತನೆ ಟೈಮಲ್ಲಿ ರೈತರು ಒಂದು ದಿನದ ಪ್ಯಾಕ್ ಹಾಕಿಸಿಕೊಂಡು ಪಹಣಿ ತೆಗೆಯುತ್ತಾರೆ, ಬೆಳೆ ವಿಮೆ ನೋಡುತ್ತಾರೆ. ಒಂಬತ್ತು ರೂಪಾಯಿಗೆ ಒಂದು ದಿನ ಅನ್ನೋದು ಅವರಿಗೆ ಹಿಡಿಸಿದೆ. ಶಾಂಪೂ ಪ್ಯಾಕೆಟ್ ಇದ್ದ ಹಾಗೆ, ಬೇಕಾದಾಗ ಬೇಕಾದಷ್ಟು. ತಿಂಗಳದ್ದು ಕೈಯಲ್ಲಿ ದುಡ್ಡು ಓಡಾಡುವವರಿಗೆ. ಕೂಲಿಯವರಿಗೆ ದಿನದ್ದೇ ಸರಿ.

ಅಡಿಕೆಸಾಲು ಅವರ ಅಂಗಡಿಯವರಿಗೆ ನನ್ನ ಕಡೆಯಿಂದ ಒಂದು ಮಾತು ಮುಟ್ಟಿಸಿ. ಲೈನ್ ತಗೊಳ್ಳುವಾಗ ಪಿಎಂ-ವಾಣಿಗೆ ಅಂತ ಹೇಳಿದರೆ ಲೀಸ್ಡ್ ಲೈನ್, ಅಂದರೆ ದೊಡ್ಡ ಕಂಪನಿಗಳು ತಮಗೇ ಅಂತ ಬಾಡಿಗೆಗೆ ತಗೊಳ್ಳುವ ಪ್ರತ್ಯೇಕ ಲೈನ್, ತಗೊಳ್ಳಿ ಅಂತ ಒತ್ತಾಯ ಮಾಡ್ತಿದ್ದರು. ಅದರ ರೇಟು ಮಾಮೂಲಿ ಲೈನಿನ ಹತ್ತಾರು ಪಟ್ಟು. ಹೋದ ತಿಂಗಳು, ಜೂನ್‌ನಲ್ಲಿ, ಟ್ರಾಯ್ ಆದೇಶ ಮಾಡಿದೆ. 200 ಎಂಬಿಪಿಎಸ್‌ವರೆಗಿನ ಮನೆ ಪ್ಲಾನ್‌ಗಳನ್ನೆಲ್ಲ ಇಂಥ ಅಂಗಡಿಗಳಿಗೂ ಕೊಡಬೇಕು, ರೇಟು ಮನೆಯವರಿಗೆ ಇರುವುದರ ಎರಡರಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ. ಅದರ ಪ್ರತಿ ಕೈಯಲ್ಲಿ ಇಟ್ಟುಕೊಂಡು ಮಾತಾಡಲಿ.

ಬಿಟಿಎಂ ಪಿಜಿ · ಜುಲೈ 7

ಲೆಕ್ಕ ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಅಣ್ಣ. ನನ್ನ ಅನುಮಾನ ಅರ್ಧ ಕಮ್ಮಿ ಆಯಿತು. ಇನ್ನರ್ಧ ಇದೆ. ಎರಡು ಪಟ್ಟು ರೇಟು ಹಾಕಿದರೆ ನಿಮ್ಮ 708, 1,416 ಆಗುತ್ತೆ. ಆಗ ಉಳಿಯೋದು ನಾನೂರು ಚಿಲ್ಲರೆ ಅಷ್ಟೇ ಅಲ್ವಾ?

ಮೈದಾ ಗೋಣಿ · ಜುಲೈ 7

ಹೌದು, 436. ಆಗ 99ರ ಗಿರಾಕಿ 18 ಇದ್ದದ್ದು 30 ಆಗಬೇಕು, ಇಲ್ಲದಿದ್ದರೆ ನಡೆಸೋದು ಕಷ್ಟ. ನನಗೆ ಈಗ ಸಿಕ್ಕಿರೋದು ಮಾಮೂಲಿ ರೇಟಿನ ಲೈನ್. ಎಲ್ಲರಿಗೂ ಹಾಗೆ ಸಿಗಲ್ಲ. ಹೊಸದಾಗಿ ಹಾಕುವವರು ಎರಡು ಪಟ್ಟು ಅಂತಲೇ ಲೆಕ್ಕ ಹಾಕಿ ಇಳಿಯಿರಿ.

ಕರಾವಳಿ ಅಕ್ಕ · ಜುಲೈ 8

ನನ್ನದು ಭದ್ರತೆಯ ಪ್ರಶ್ನೆ. ಮಗ ಕಾಲೇಜಿನ ಹತ್ತಿರ ಇಂಥ ವೈ-ಫೈ ಬಳಸುತ್ತಾನೆ. ಅದರಲ್ಲೇ ಫೋನ್‌ಪೇ, ಗೂಗಲ್ ಪೇ ಮಾಡುತ್ತಾನೆ. ನನಗೆ ಹೆದರಿಕೆ. ಮಾಡಬಹುದಾ?

ಫೈಬರ್ ಕೆಲಸದವ · ಜುಲೈ 8

ಅಕ್ಕ, ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಕಳಿಸುವುದೆಲ್ಲ ಗೂಢಲಿಪಿಯಲ್ಲೇ ಹೋಗುತ್ತೆ. ಪಕ್ಕದಲ್ಲಿ ಕೂತವರು ಪಿನ್ ಓದಲು ಆಗಲ್ಲ. ಅಪಾಯ ಬೇರೆ ಕಡೆ ಇದೆ. ಅಂಗಡಿಯ ಹೆಸರನ್ನೇ ಹೋಲುವ ನಕಲಿ ವೈ-ಫೈ ಯಾರಾದರೂ ಹುಟ್ಟುಹಾಕಿ, ಲಾಗಿನ್ ಪುಟದಲ್ಲಿ ಕಾರ್ಡ್ ನಂಬರ್, ಪಾಸ್‌ವರ್ಡ್ ಕೇಳಬಹುದು. ಪಿಎಂ-ವಾಣಿ ಆ್ಯಪ್ ಒಳಗಿಂದಲೇ ಸೇರಿಕೊಂಡರೆ ಆ ಭಯ ಕಮ್ಮಿ, ಯಾಕೆಂದರೆ ಪಟ್ಟಿಯಲ್ಲಿ ಇರುವುದನ್ನು ಮಾತ್ರ ತೋರಿಸುತ್ತೆ. ಲಾಗಿನ್ ಆಗಲು ಫೋನ್ ನಂಬರ್, ಓಟಿಪಿ ಬಿಟ್ಟು ಬೇರೇನಾದರೂ ಕೇಳಿದರೆ ಕೂಡಲೇ ಬಿಟ್ಟುಬಿಡಿ. ಈ ಆ್ಯಪ್ ಹಾಕಿಕೊಳ್ಳಿ ಅಂತ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಎಪಿಕೆ ಫೈಲ್ ಕೊಟ್ಟರೆ ಮುಟ್ಟಬೇಡಿ. ಮೊಬೈಲ್ ಡೇಟಾ ಇರುವ ಕಡೆ ದುಡ್ಡಿನ ವ್ಯವಹಾರ ಅದರಲ್ಲೇ ಮಾಡುವುದು ವಾಸಿ.

ಹೊಸೂರು ಟವರ್ · ಜುಲೈ 8

ಇಷ್ಟೆಲ್ಲ ಒದ್ದಾಟ ಯಾಕೆ ಅಂತ ನನಗೆ ಅರ್ಥ ಆಗ್ತಿಲ್ಲ. ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ 4ಜಿ ಕೊಡಬೇಕು ಅಂತ 2022ರಲ್ಲೇ ಕೇಂದ್ರ 26,316 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಟವರ್‌ಗಳು ಏಳ್ತಾ ಇವೆ. ಅಂಗಡಿ ಜಗುಲಿ ಮೇಲೆ ಕೂತು ನೆಟ್ ನೋಡುವುದು ಪರಿಹಾರ ಅಲ್ಲ. ಮನೆಗೆ ನೆಟ್ ಬರಬೇಕು. ಜಗುಲಿ ವೈ-ಫೈ ಸಿಕ್ಕಿತು ಅಂತ ನಾವು ಸುಮ್ನಾದರೆ ಟವರ್ ಕೇಳುವವರೇ ಇರಲ್ಲ. ಹೆಣ್ಣುಮಕ್ಕಳು ರಾತ್ರಿ ಎಂಟಕ್ಕೆ ಬಸ್‌ಸ್ಟಾಪಿನಲ್ಲಿ ಕೂತು ಓದಬೇಕಾ?

ಅಡಿಕೆಸಾಲು · ಜುಲೈ 8

ನಿಮ್ಮ ಕೊನೇ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಅದು ನಿಜ. ನನ್ನ ಮಗಳನ್ನು ಸಂಜೆ ಒಬ್ಬಳೇ ಕಳಿಸಲ್ಲ, ನಾನೂ ಜೊತೆಗೆ ಹೋಗಿ ಕೂರುತ್ತೇನೆ. ಎಲ್ಲರ ಅಪ್ಪ ಅಮ್ಮನಿಗೆ ಅಷ್ಟು ಬಿಡುವು ಇರಲ್ಲ. ಜಗುಲಿಯಲ್ಲಿ ಸಂಜೆ ಸೇರುವವರಲ್ಲಿ ಹುಡುಗಿಯರನ್ನು ನಾನು ಈ ತಿಂಗಳಲ್ಲಿ ಎಣಿಸಿದ್ದು ಇಬ್ಬರನ್ನೇ.

ಟವರ್ ಅರ್ಜಿಗೆ ನಾನೂ ಸಹಿ ಹಾಕಿದ್ದೇನೆ, ಗ್ರಾಮಸಭೆಯಲ್ಲೂ ಎದ್ದು ಕೇಳಿದ್ದೇನೆ. ಅದನ್ನು ಬಿಡಲ್ಲ. ಆದರೆ ಮಗಳ ಸಿಇಟಿ ಆಪ್ಷನ್ ಎಂಟ್ರಿ ಈ ತಿಂಗಳು. ಟವರ್ ಏಳುವವರೆಗೆ ಅದು ಕಾಯಲ್ಲ.

ಮನೆಗೇ ಫೈಬರ್ ಕೇಳಿದ್ದೆ. ಕೇಬಲ್‌ನವರು ಬಂದು ನೋಡಿದರು. ಒಂದೂವರೆ ಕಿಲೋಮೀಟರಿಗೆ ಕಂಬ, ತಂತಿ, ಮಧ್ಯೆ ಮೂವರ ತೋಟ. ನಾಲ್ಕು ಮನೆಯವರಾದರೂ ಸೇರಿದರೆ ನೋಡೋಣ ಅಂದರು. ನಮ್ಮ ಕೇರಿಯಲ್ಲಿ ಇರುವುದೇ ಮೂರು ಮನೆ. ಒಂದರಲ್ಲಿ ವಯಸ್ಸಾದ ಅಜ್ಜಿ ಒಬ್ಬರೇ.

ಫೈಬರ್ ಕೆಲಸದವ · ಜುಲೈ 9

ಅಂಗಡಿ ಮಾಳಿಗೆಯಿಂದ ನಿಮ್ಮ ಮನೆ ಕಾಣುತ್ತಾ? ಕಂಡರೆ ಎರಡು ಸಣ್ಣ ಡಿಶ್ ಹಾಕಿ ಗಾಳಿಯಲ್ಲೇ ನೆಟ್ ದಾಟಿಸಬಹುದು. 5 ಗಿಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಒಂದೂವರೆ ಕಿಲೋಮೀಟರ್ ಅದಕ್ಕೆ ದೊಡ್ಡ ದೂರ ಅಲ್ಲ. ಆದರೆ ನೇರ ನೋಟ ಬೇಕೇ ಬೇಕು. ಮಧ್ಯೆ ಅಡಿಕೆ ಮರದ ತಲೆ ಬಂದರೆ ಬೇಸಿಗೆಯಲ್ಲಿ ಸಿಗುತ್ತೆ, ಮಳೆಗಾಲದಲ್ಲಿ ಒದ್ದೆ ಸೋಗೆ ಅಡ್ಡ ಬಂದು ನಿಂತುಹೋಗುತ್ತೆ. ಇದಕ್ಕೆ ಲೈನ್ ಕೊಟ್ಟವರ ಒಪ್ಪಿಗೆಯೂ ಬೇಕು.

ಅಡಿಕೆಸಾಲು · ಜುಲೈ 9

ಕಾಣಲ್ಲ. ಮಧ್ಯೆ ಗುಡ್ಡದ ಮೂಗು ಅಡ್ಡ ಇದೆ. ಆ ಗುಡ್ಡದ ಮೇಲೆ ಒಂದು ಡಿಶ್ ಹಾಕಿ ದಾಟಿಸಬಹುದೇನೋ, ಆದರೆ ಅಲ್ಲಿಗೆ ಕರೆಂಟು ಎಲ್ಲಿಂದ ತರುವುದು? ಮಳೆಗಾಲ ಮುಗಿದ ಮೇಲೆ ಸೋಲಾರ್ ಹಾಕುವ ಬಗ್ಗೆ ನಿಮ್ಮನ್ನು ಕೇಳುತ್ತೇನೆ.

ಓದುಮನೆ · ಜುಲೈ 11

ನಾನು ಶಾಲಾ ಮಾಸ್ತರ್ ಆಗಿ ನಿವೃತ್ತಿ ಆದವನು. ಹೆಣ್ಣುಮಕ್ಕಳ ಬಗ್ಗೆ ಬಂದ ಮಾತು ಓದಿ ಬರೆಯಬೇಕು ಅನ್ನಿಸಿತು. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅಂತ ಹೆಸರು. ಕಟ್ಟಡ ಇದೆ, ಕುರ್ಚಿ ಇದೆ, ದೀಪ ಇದೆ, ಹೆಣ್ಣುಮಕ್ಕಳು ಬಂದು ಕೂರಲು ಯಾರೂ ಬೇಡ ಅನ್ನಲ್ಲ. ಪಂಚಾಯಿತಿಗೆ ಫೈಬರ್ ಬಂದಿರುವ ಊರುಗಳಲ್ಲಿ ಡಬ್ಬಿಯನ್ನು ಅಲ್ಲೂ ಒಂದು ಇಡಿಸಬಹುದಲ್ಲ? ಪಂಚಾಯಿತಿ ಒಪ್ಪಿದರೆ ಅಂಗಡಿಯವರೇ ಎರಡನೇ ಡಬ್ಬಿ ನೋಡಿಕೊಳ್ಳಲಿ. ಲೈಸೆನ್ಸ್ ಬೇಡ ಅಂತ ಮೇಲೆಯೇ ಹೇಳಿದ್ದಾರೆ. ಅಡಿಕೆಸಾಲು ಅವರೇ, ನೀವು ಗ್ರಾಮಸಭೆಯಲ್ಲಿ ಟವರ್ ಕೇಳಿದ ಹಾಗೆ ಇದನ್ನೂ ಕೇಳಿ. ಇದಕ್ಕೆ ಸಾವಿರಾರು ಕೋಟಿ ಬೇಡ.

ಗ್ರಂಥಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ ಅನ್ನುವುದನ್ನೂ ಜೊತೆಗೇ ಮಾತಾಡಿ. ಐದೂವರೆಗೆ ಬೀಗ ಬಿದ್ದರೆ ವೈ-ಫೈ ಇಟ್ಟು ಪ್ರಯೋಜನ ಇಲ್ಲ.

ತುಂಗೆಯ ದಡ · ಜುಲೈ 11

ಮಾಸ್ತರ್ ಹೇಳಿದ್ದು ಸರಿ. ನಾನೂ ನಮ್ಮೂರಲ್ಲಿ ಕೇಳ್ತೀನಿ. ಅಡಿಕೆಸಾಲು ಅಣ್ಣ, ಕರೆಂಟು ಹೋದಾಗ ಏನು ಮಾಡ್ತೀರಿ? ನಮ್ಮಲ್ಲಿ ಈ ವಾರ ಎರಡು ದಿನ ಕರೆಂಟೇ ಇಲ್ಲ.

ಮೈದಾ ಗೋಣಿ · ಜುಲೈ 11

ಅವರ ಬದಲು ನಾನೇ ಹೇಳ್ತೀನಿ. ರೂಟರ್‌ಗೆ ಅಂತಲೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತೆ. ನನ್ನದು ಮೂರೂವರೆ ಗಂಟೆ ಬರುತ್ತೆ. ಆದರೆ ಫೈಬರ್‌ನ ಆ ತುದಿಯಲ್ಲಿ, ಲೈನಿನವರ ಪೆಟ್ಟಿಗೆಗೂ ಬ್ಯಾಟರಿ ಇರಬೇಕು. ಅಲ್ಲಿ ಆರಿದರೆ ನಮ್ಮ ಯುಪಿಎಸ್ ದೀಪ ಮಾತ್ರ ಉರೀತಾ ಇರುತ್ತೆ.

ಅಡಿಕೆಸಾಲು · ಜುಲೈ 20

ಒಂದು ವಾರ ಇಲ್ಲಿ ಬರಲಾಗಲಿಲ್ಲ, ಕ್ಷಮಿಸಿ. ಮಳೆ ಜೋರಾಗಿತ್ತು. ನಡುವೆ ಒಂದು ಮರ ಬಿದ್ದು ಫೈಬರ್ ತುಂಡಾಗಿ ಎರಡೂವರೆ ದಿನ ವೈ-ಫೈ ಇರಲಿಲ್ಲ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ನನ್ನ ವರದಿ ಪೂರ್ತಿ ಆಗಲ್ಲ.

ಆಗಿರುವ ಬದಲಾವಣೆ ಹೇಳುತ್ತೇನೆ. ಡಬ್ಬಿಯನ್ನು ಗಲ್ಲಾಪೆಟ್ಟಿಗೆ ಪಕ್ಕದಿಂದ ಜಗುಲಿ ಕಂಬಕ್ಕೆ ತಂದೆವು, ಮೇಲೆ ಒಂದು ಪ್ಲಾಸ್ಟಿಕ್ ಡಬ್ಬ ಮುಚ್ಚಿ. ಅರಳಿಕಟ್ಟೆಯಲ್ಲಿ 11 ಇದ್ದದ್ದು 17 ಆಯಿತು. ಬಸ್ ಶೆಲ್ಟರಿನಲ್ಲಿ 3 ಇದ್ದದ್ದು 8. ಅಂಗಡಿಯ ಹಿಂಬದಿಗೆ ಈಗಲೂ ಸೊನ್ನೆಯೇ. ಮ್ಯಾಕ್ ಬದಲಿಸಿಕೊಂಡ ಮೇಲೆ ಪ್ಯಾಕ್ ಕಾಣೆಯಾಗಿಲ್ಲ. ಅಂಗಡಿಯಣ್ಣ ಟ್ರಾಯ್ ಆದೇಶ ಪ್ರಿಂಟ್ ತೆಗೆದು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ರೂಟರ್ ಯುಪಿಎಸ್‌ಗೆ ನಾವು ಆರು ಮಂದಿ ತಲಾ ಇನ್ನೂರು ಹಾಕಿದೆವು.

ಮಗಳ ಆಪ್ಷನ್ ಎಂಟ್ರಿ ಆಯಿತು. ಆ ಸಂಜೆ ಆರೂವರೆಗೆ ಕರೆಂಟು ಹೋಯಿತು. ಅವಳು 40ನೇ ಕಾಲೇಜು ಹಾಕುತ್ತಿದ್ದಳು. ಯುಪಿಎಸ್‌ನ ಹಸಿರು ದೀಪ ಉರಿಯುತ್ತಲೇ ಇತ್ತು, ನೆಟ್ ಹೋಗಲಿಲ್ಲ. ಅಂಗಡಿಯಣ್ಣ ಎಮರ್ಜೆನ್ಸಿ ಲೈಟನ್ನು ಅಕ್ಕಿ ಮೂಟೆ ಮೇಲೆ ಅವಳ ಕಡೆ ತಿರುಗಿಸಿಟ್ಟರು. ಅವರು ಬಾಗಿಲು ಹಾಕುವ ಹೊತ್ತು ಒಂಬತ್ತು. ಅವತ್ತು ಹತ್ತು ಗಂಟೆವರೆಗೆ ಕೂತರು. ಮುಗಿದ ಮೇಲೆ ಪ್ರಿಂಟ್ ಬೇಕು ಅಂದಳು. ನಾಳೆ ಪೇಟೆಯಲ್ಲಿ ತೆಗೆಸೋಣ, ಈಗ ಪಿಡಿಎಫ್ ಉಳಿಸಿಕೋ ಅಂದೆ.

ಅರಿವು ಕೇಂದ್ರದ ವಿಷಯ ಪಂಚಾಯಿತಿಯ ಪಿಡಿಒ ಅವರ ಹತ್ತಿರ ಮಾತಾಡಿದ್ದೇನೆ. ಎರಡು ಪಿಡಿಒ ಸೇರಿಸಿ ಅರ್ಜಿ ಬರೆಯುವಾಗ ಅವರಿಗೂ ಗೊಂದಲ ಆಯಿತು, ಬಿಡಿಸಿ ಹೇಳಿದೆ. ಬರುವ ಸಾಮಾನ್ಯ ಸಭೆಯಲ್ಲಿ ಇಡುತ್ತೇನೆ ಅಂದಿದ್ದಾರೆ. ಸಂಜೆ ಎಂಟರವರೆಗೆ ತೆರೆದಿಡಬೇಕು ಅಂತಲೂ ಅರ್ಜಿಯಲ್ಲಿ ಬರೆದಿದ್ದೇನೆ ಮಾಸ್ತರೇ.

ಹೊಸೂರು ಟವರ್ · ಜುಲೈ 20

ಮಗಳಿಗೆ ಒಳ್ಳೆಯ ಸೀಟು ಸಿಗಲಿ. ಟವರ್ ಅರ್ಜಿಯ ಮಾತು ಬಿಡಬೇಡಿ, ನಾನು ಅದನ್ನೇ ಮತ್ತೆ ಮತ್ತೆ ಹೇಳ್ತೀನಿ. ಮರ ಬಿದ್ದ ಎರಡೂವರೆ ದಿನದ ದುಡ್ಡು ಏನಾಯಿತು? ಒಂಬತ್ತು ರೂಪಾಯಿ ಕೊಟ್ಟವರಿಗೆ ವಾಪಸ್ ಬಂತಾ?

ಅಡಿಕೆಸಾಲು · ಜುಲೈ 21

ಕಂಪನಿಯಿಂದ ಬರಲಿಲ್ಲ. ಆ ದಿನ ಪ್ಯಾಕ್ ಹಾಕಿಸಿದ್ದ ಐವರಿಗೆ ಅಂಗಡಿಯಣ್ಣ ಕೈಯಿಂದಲೇ ಕೊಟ್ಟರು. ನಾವು ಬೇಡ ಅಂದೆವು, ಕೇಳಲಿಲ್ಲ. ಇದು ಅವರ ಮೇಲೆ ಬೀಳಬಾರದು, ಲೈನ್ ಇಲ್ಲದ ದಿನವನ್ನು ಪ್ಯಾಕಿಗೆ ಸೇರಿಸಿಕೊಡುವ ವ್ಯವಸ್ಥೆ ಆ್ಯಪ್‌ನಲ್ಲೇ ಇರಬೇಕು ಅಂತ ಕಂಪನಿಗೆ ಕನ್ನಡದಲ್ಲೇ ಮೇಲ್ ಬರೆದಿದ್ದೇನೆ. ಉತ್ತರ ಬಂದರೆ ಇಲ್ಲಿ ಹಾಕುತ್ತೇನೆ.

ನಿನ್ನೆ ಹೋದಾಗ ಜಗುಲಿಯಲ್ಲಿ ಒಂದು ಬೆಂಚು ಹೊಸದಾಗಿ ಬಂದಿತ್ತು, ಪಕ್ಕದಲ್ಲಿ ಚಾರ್ಜ್‌ಗೆ ಪ್ಲಗ್ಗು. ಕಂಬಕ್ಕೆ ಒಂದು ರಟ್ಟು ಕಟ್ಟಿದ್ದಾರೆ, ಮಾರ್ಕರಿನಲ್ಲಿ ಅವರೇ ಬರೆದದ್ದು: «ವೈ-ಫೈ ಇದೆ. ದಿನಕ್ಕೆ 9. ಬೆಳಗ್ಗೆ 7ರಿಂದ ರಾತ್ರಿ 9. ಪರೀಕ್ಷೆ ಕೆಲಸ ಇದ್ದರೆ ಮೊದಲೇ ಹೇಳಿ, ತೆರೆದಿಡುತ್ತೇನೆ.»